ದಿಲ್ಲಿಯ ಆದೇಶ, ಗುರ್ಲಾಪುರದ ದರ

2025ರ ಅಕ್ಟೋಬರ್ ಕೊನೆಯಲ್ಲಿ ಬೆಳಗಾವಿ ಜಿಲ್ಲೆಯ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸ್‌ನಲ್ಲಿ ಧರಣಿ ಕುಳಿತ ರೈತರು ಕೇಳಿದ್ದು ಟನ್ ಕಬ್ಬಿಗೆ 3,500 ರೂಪಾಯಿ. ನವೆಂಬರ್ 7ರಂದು ಬೆಂಗಳೂರಿನಲ್ಲಿ ಸಭೆ ಕರೆದ ಮುಖ್ಯಮಂತ್ರಿ ಸಿದ್ದರಾಮಯ್ಯ 3,300 ರೂಪಾಯಿ ಘೋಷಿಸಿದರು. ಅದೇ ದಿನ ಹುಕ್ಕೇರಿ ತಾಲ್ಲೂಕಿನ ಹತ್ತರಗಿ ಟೋಲ್ ಬಳಿ ಕಲ್ಲು ತೂರಾಟವೂ ನಡೆದುಹೋಯಿತು. ದರದ ಗದ್ದಲದಲ್ಲಿ ಇನ್ನೊಂದು ಮಾತು ಹಿಂದೆ ಸರಿಯಿತು: ರಫ್ತು.

ಸಕ್ಕರೆ ರಫ್ತಿಗೆ ಕೇಂದ್ರ ಮಿತಿ ಹಾಕಿದ್ದು 2022ರ ಜೂನ್‌ನಲ್ಲಿ. 2023-24ರ ಹಂಗಾಮಿನಲ್ಲಿ ರಫ್ತಿನ ಬಾಗಿಲು ಪೂರ್ತಿ ಮುಚ್ಚಿತು; ಮರುವರ್ಷ ಬರೀ 10 ಲಕ್ಷ ಟನ್ನಿಗೆ ತೆರೆಯಿತು. ಸಕ್ಕರೆಯ ಕನಿಷ್ಠ ಮಾರಾಟ ಬೆಲೆ 2019ರಿಂದ ಕಿಲೋಗೆ 31 ರೂಪಾಯಿಯಲ್ಲೇ ನಿಂತಿತ್ತು. ಕಾರ್ಖಾನೆಯವರು ಇದನ್ನೇ ಮುಂದಿಟ್ಟು, ಕಬ್ಬಿಗೆ ಹೆಚ್ಚು ದರ ಕೊಡಲಾಗದೆಂದು ಕೈಚೆಲ್ಲಿದರು. ಮುಖ್ಯಮಂತ್ರಿಯೂ ಪ್ರಧಾನಿಗೆ ಬರೆದ ಪತ್ರದಲ್ಲಿ ಇದನ್ನೇ ಎತ್ತಿದರು. ಕಬ್ಬು ಕಡಿದು ಗಾಡಿಗೆ ಹೇರಿದ ಮೇಲೆ ತಾಸು ತಾಸಿಗೂ ತೂಕ ಇಳಿಯುತ್ತದೆ. ದಿಲ್ಲಿಯ ತೀರ್ಮಾನಕ್ಕೆ ಕಾಯುವ ಪುರುಸೊತ್ತು ರೈತನಿಗೆಲ್ಲಿ?

ಗೋವಿನಜೋಳದ ಕಥೆ ಇದಕ್ಕಿಂತ ಕಹಿ.

ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯಲ್ಲಿ ಕಬ್ಬಿನ ಜೊತೆಗೇ ಬೆಳೆಯುವ ಕಾಳಿದು. ಭಾರತ ಇದನ್ನು ವಿಯೆಟ್ನಾಂ, ಬಾಂಗ್ಲಾದೇಶಗಳಿಗೆ ಲಕ್ಷಗಟ್ಟಲೆ ಟನ್ ಮಾರುತ್ತಿತ್ತು. ಎಥೆನಾಲ್‌ಗೆ ಬೇಡಿಕೆ ಬಂದು ಬೆಲೆ ಏರಿತೋ ಇಲ್ಲವೋ, ಕೋಳಿ ಆಹಾರದವರ ಒತ್ತಾಯಕ್ಕೆ 2024ರಲ್ಲಿ ಸುಮಾರು 5 ಲಕ್ಷ ಟನ್ ಆಮದಿಗೆ ಸುಂಕ ಶೇ 50ರಿಂದ ಶೇ 15ಕ್ಕೆ ಇಳಿಯಿತು. 2025ರ ನವೆಂಬರ್‌ನಲ್ಲಿ ಬೆಂಬಲ ಬೆಲೆ ಕ್ವಿಂಟಲ್‌ಗೆ 2,400 ರೂಪಾಯಿ ಇದ್ದಾಗ ರಾಜ್ಯದ ಮಾರುಕಟ್ಟೆಗಳಲ್ಲಿ ಸಿಕ್ಕಿದ್ದು 1,600ರಿಂದ 1,800. ಅದೂ ಕಾಳು ಒಣಗಿದ್ದರೆ. ಮಳೆ ಹಿಡಿದ ವರ್ಷ ರಸ್ತೆಬದಿಯಲ್ಲಿ ತಾಡಪಾಲು ಹಾಸಿ ಹರವಿದ ರಾಶಿಯನ್ನು ದಿನಕ್ಕೆರಡು ಬಾರಿ ಕೈಯಾಡಿಸಬೇಕು. ವ್ಯಾಪಾರಿ ಮಾಪಕವಿಟ್ಟು ತೇವ ಹೆಚ್ಚೆಂದರೆ ದರ ಅಲ್ಲೇ ಬಿತ್ತು. ಸೊಸೈಟಿ ಸಾಲ, ಮುಂದಿನ ಬಿತ್ತನೆಯ ಖರ್ಚು ಎರಡೂ ಎದುರಿಗಿರುವಾಗ ಚೀಲ ವಾಪಸು ಹೇರಿಕೊಂಡು ಹೋಗುವವರು ಕಡಿಮೆ.

ಇದರ ಮೇಲೆ ಅಮೆರಿಕದ ಒತ್ತಡ. ಅಲ್ಲಿನ ವಾಣಿಜ್ಯ ಕಾರ್ಯದರ್ಶಿ ಹೊವಾರ್ಡ್ ಲಟ್ನಿಕ್ 2025ರ ಸೆಪ್ಟೆಂಬರ್‌ನಲ್ಲಿ, 140 ಕೋಟಿ ಜನರ ಭಾರತ ತಮ್ಮಿಂದ ಒಂದು ಬುಶೆಲ್ ಗೋವಿನಜೋಳವನ್ನೂ ಕೊಳ್ಳುವುದಿಲ್ಲವೆಂದು ದೂರಿದರು. ಅಲ್ಲಿ ಬೆಳೆಯುವುದು ಬಹುಪಾಲು ಕುಲಾಂತರಿ ಗೋವಿನಜೋಳ, ಅದರ ಬೆನ್ನಿಗೆ ಭಾರಿ ಸರ್ಕಾರಿ ನೆರವು. ಗೋಕಾಕದ ಐದೆಕರೆಯ ರೈತನನ್ನು ಅದರೆದುರು ನಿಲ್ಲಿಸುವುದನ್ನು ಪೈಪೋಟಿ ಎನ್ನಲಾಗದು.

ಇಂಥ ಹೊರಗಿನ ಒತ್ತಡ ಹೊಸದೇನಲ್ಲ. ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ರೈತಸಂಘ ಜಾಗತಿಕ ವ್ಯಾಪಾರ ಒಪ್ಪಂದದ ಕರಡಾದ ಡಂಕೆಲ್ ಪ್ರಸ್ತಾವದ ವಿರುದ್ಧ ಎದ್ದುನಿಂತಿತ್ತು. 1992ರ ಡಿಸೆಂಬರ್‌ನಲ್ಲಿ ಬಹುರಾಷ್ಟ್ರೀಯ ಬೀಜ ಕಂಪನಿ ಕಾರ್ಗಿಲ್‌ನ ಬೆಂಗಳೂರು ಕಚೇರಿಗೆ ನುಗ್ಗಿತ್ತು. ಆ ಸಂಘದ ಹಸಿರು ಶಾಲು ಹೊದ್ದವರು ಈಗ ರಫ್ತಿಗೆ ಬಿಡಿ ಎಂದರೆ ಮಾತು ತಪ್ಪಿದಂತಲ್ಲ. ಆಗಲೂ ಈಗಲೂ ತಕರಾರು ಒಂದೇ: ವ್ಯಾಪಾರದ ನಿಯಮ ಬರೆಯುವಲ್ಲಿ ಬೆಳೆದವನಿಗೆ ಜಾಗವಿಲ್ಲ. ಬೆಲೆ ಏರಿದಾಗ ಗ್ರಾಹಕನ ಹೆಸರಿನಲ್ಲಿ ರಫ್ತು ನಿಲ್ಲುತ್ತದೆ. 2022ರ ಮೇನಲ್ಲಿ ಗೋಧಿಗೆ, 2023ರ ಜುಲೈನಲ್ಲಿ ಬಿಳಿ ಅಕ್ಕಿಗೆ ಆದದ್ದೂ ಅದೇ. ಬೆಲೆ ಬಿದ್ದಾಗ ಮಾತ್ರ ಖರೀದಿ ಕೇಂದ್ರಕ್ಕಾಗಿ ರೈತ ಮತ್ತೆ ರಸ್ತೆಗಿಳಿಯಬೇಕು.

ಗುರ್ಲಾಪುರದ ಧರಣಿ ಬಿಸಿಯೇರಿದ ನಂತರವೇ 15 ಲಕ್ಷ ಟನ್ ಸಕ್ಕರೆ ರಫ್ತಿಗೆ ಕೇಂದ್ರ ಒಪ್ಪಿಗೆ ಕೊಟ್ಟಿತು. ಅಷ್ಟರಲ್ಲಿ ಕಬ್ಬು ನುರಿಸುವ ಹಂಗಾಮು ಶುರುವಾಗಿತ್ತು. ಮುಂಗಾರಿಗೆ ಗೋವಿನಜೋಳ ಬಿತ್ತುವವನಿಗೆ ಆ ವರ್ಷದ ಆಮದು ಸುಂಕ, ರಫ್ತಿನ ಮಿತಿ ಬೀಜ ಕೊಳ್ಳುವ ಮೊದಲೇ ಗೊತ್ತಾಗಬೇಕು. ಬೆಂಬಲ ಬೆಲೆ ಘೋಷಣೆಯ ಜೊತೆಗೇ ಇವೂ ಹೊರಬೀಳುವಂತೆ ಮಾಡಲು ಕೇಂದ್ರಕ್ಕೆ ಯಾವ ಅಡ್ಡಿಯೂ ಇಲ್ಲ.