ನೀರು ಸುರಿಸುವ ಒಣಗಣ್ಣು

ಕಳೆದ ವರ್ಷ ತೊಗರಿಯ ರಾಶಿ ನಡೆಯುತ್ತಿದ್ದ ದಿನಗಳಲ್ಲಿ ನಮ್ಮ ವಿದ್ಯಾರ್ಥಿನಿಯೊಬ್ಬಳ ತಾಯಿಯವರು ನನ್ನ ಕೊಠಡಿಗೆ ಬಂದಿದ್ದರು. ಮಾತನಾಡುವಷ್ಟು ಹೊತ್ತೂ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಮನೆಯಲ್ಲಿ ಏನೋ ಸಂಕಟ ಒದಗಿರಬೇಕೆಂದು ಭಾವಿಸಿ ನಾನು ಸಮಾಧಾನ ಹೇಳತೊಡಗಿದೆನು. ಅವರು ನಕ್ಕು, "ಅಳಾಕತ್ತಿಲ್ರೀ ಸರ್, ಕಣ್ಣಾಗ ಉಸುಕು ಹೊಕ್ಕಂಗ ಆಗ್ತದ" ಎಂದರು. ಹೈದರಾಬಾದಿನ ವೈದ್ಯರು ಅದನ್ನು ಒಣಗಣ್ಣು ಎಂದಿದ್ದರಂತೆ. ಸದಾ ನೀರು ಸುರಿಯುವ ಕಣ್ಣು ಒಣಗಿದೆಯೆಂದರೆ ನಂಬುವುದು ಹೇಗೆ?

ಕಣ್ಣೀರು ಬರಿಯ ನೀರಲ್ಲ. ಕಣ್ಣಿನ ಮೇಲೆ ಹರಡಿಕೊಂಡಿರುವ ಅತಿ ತೆಳುವಾದ ಪೊರೆಯಲ್ಲಿ ಲೋಳೆ, ನೀರು, ಎಣ್ಣೆ ಈ ಮೂರೂ ಇರುತ್ತವೆ. ಲೋಳೆಯು ನೀರನ್ನು ಕಣ್ಣಿಗೆ ಅಂಟಿಸುತ್ತದೆ. ಎಣ್ಣೆಯು ಅದು ಆರಿಹೋಗದಂತೆ ತಡೆಯುತ್ತದೆ. ಈ ಎಣ್ಣೆಯು ರೆಪ್ಪೆಯ ಅಂಚಿನ ಗ್ರಂಥಿಗಳಿಂದ ಬರತಕ್ಕದ್ದು. 1666ರಲ್ಲಿ ಅವನ್ನು ವಿವರಿಸಿದ ಜರ್ಮನ್ ವೈದ್ಯ ಮೈಬೋಮನ ಹೆಸರೇ ಅವಕ್ಕೆ ನಿಂತಿದೆ. ಗ್ರಂಥಿಗಳು ಕಟ್ಟಿಕೊಂಡರೆ ಪೊರೆಯು ಬೇಗ ಹರಿಯುತ್ತದೆ, ಕರಿಗುಡ್ಡೆಯ ಮುಂದಣ ಪಾರದರ್ಶಕ ಪಟಲವು ಬಯಲಾಗುತ್ತದೆ. ಅಲ್ಲಿ ನರದ ತುದಿಗಳು ಬಹು ದಟ್ಟವಾಗಿರುವುದರಿಂದ ಉರಿ ಕಾಣಿಸಿಕೊಳ್ಳುತ್ತದೆ. ಕೂಡಲೇ ಮೇಲಿನ ಕಣ್ಣೀರಿನ ಗ್ರಂಥಿಯು ಗಾಬರಿಗೊಂಡಂತೆ ನೀರನ್ನು ಸುರಿಸುತ್ತದೆ. ಎಣ್ಣೆ, ಲೋಳೆಗಳ ಆಸರೆಯಿಲ್ಲದ ಆ ನೀರು ಕೆನ್ನೆಗಿಳಿಯುವುದೇ ಹೊರತು ಕಣ್ಣಿನಲ್ಲಿ ನಿಲ್ಲದು.

ಕೆಲವರಲ್ಲಿ ನೀರೇ ಸಾಕಷ್ಟು ಉತ್ಪತ್ತಿಯಾಗುವುದಿಲ್ಲ. ಅದನ್ನು ಅಳೆಯಲು ಷಿರ್ಮರ್ ಎಂಬ ವೈದ್ಯನು 1903ರಲ್ಲಿ ಸುಲಭವಾದ ಪರೀಕ್ಷೆಯೊಂದನ್ನು ಹೇಳಿದನು. ಶೋಷಕ ಕಾಗದದ ಪಟ್ಟಿಯನ್ನು ಕೆಳರೆಪ್ಪೆಗೆ ಸಿಕ್ಕಿಸಿ 5 ನಿಮಿಷ ಕಾಯುವುದು. 5 ಮಿಲಿಮೀಟರಿನಷ್ಟೂ ನೆನೆಯದಿದ್ದರೆ ಕೊರತೆ ಹೆಚ್ಚೆಂದು ತಿಳಿಯುವುದು. ನಮ್ಮ ಶಾಲೆಯ ಮಸಿ ಹೀರುವ ಕಾಗದದ ತತ್ತ್ವವೇ ಇದು!

ವಯಸ್ಸು, ಮುಟ್ಟು ನಿಂತ ಮೇಲಿನ ಬದಲಾವಣೆ, ಸಂಧಿವಾತದಂಥ ರೋಗಗಳು, ಕೆಲವು ಔಷಧಿಗಳು ಇದಕ್ಕೆ ಕಾರಣವಾಗಬಹುದು. ನಮ್ಮ ಖೇಡದ ಕಡೆ ಬೇಸಗೆಯ ಒಣಗಾಳಿ, ರಾಶಿಯ ಧೂಳು, ಒಲೆಯ ಹೊಗೆ ಇದನ್ನು ಉಲ್ಬಣಗೊಳಿಸುತ್ತವೆ. ಓದುವಾಗಲೂ ಮೊಬೈಲ್ ನೋಡುವಾಗಲೂ ನಾವು ರೆಪ್ಪೆ ಬಡಿಯುವುದು ಕಡಿಮೆಯಾಗುತ್ತದೆ. ಮಕ್ಕಳ ವಿಷಯ ಬೇರೆ: ಎ ಜೀವಸತ್ವದ ಕೊರತೆಯಿಂದಲೂ ಕಣ್ಣು ಒಣಗುತ್ತದೆ. ಮೊದಲು ಇರುಳುಗುರುಡು, ಅಲಕ್ಷಿಸಿದರೆ ಶಾಶ್ವತ ಕುರುಡು. ಇದಕ್ಕಾಗಿಯೇ 1970ರಿಂದ ನಮ್ಮ ದೇಶದಲ್ಲಿ ಚಿಕ್ಕ ಮಕ್ಕಳಿಗೆ ಆ ಜೀವಸತ್ವದ ದ್ರಾವಣವನ್ನು ಕುಡಿಸುವ ಕಾರ್ಯಕ್ರಮ ನಡೆದುಬಂದಿದೆ. ನುಗ್ಗೆಸೊಪ್ಪು, ಪುಂಡಿಪಲ್ಯ, ಗಜ್ಜರಿ, ಪಪ್ಪಾಯಿ ಇವುಗಳಿಂದಲೂ ಅದು ದೊರೆಯುತ್ತದೆ.

ಕಷ್ಟವೆಂದರೆ ಈ ರೋಗವು ಹೊರಗೆ ಎದ್ದು ಕಾಣುವುದಿಲ್ಲ. ಆ ತಾಯಿಯವರಿಗೆ ಸೂಜಿಗೆ ದಾರ ಪೋಣಿಸಲಾಗುತ್ತಿರಲಿಲ್ಲ. ನಾಲ್ಕು ಸಾಲು ಓದುವಷ್ಟರಲ್ಲಿ ಅಕ್ಷರಗಳು ಮಸಕಾಗುತ್ತಿದ್ದವು. ಮನೆಯವರು ಮಾತ್ರ ಕೆಲಸಗಳ್ಳತನವೆಂದರು. 2018ರ ಆಗಸ್ಟ್ 15ರಂದು ತೆಲಂಗಾಣದಲ್ಲಿ ಆರಂಭವಾದ ಕಂಟಿ ವೆಲುಗು ಶಿಬಿರಗಳಲ್ಲಿ ಅನೇಕರಿಗೆ ಉಚಿತ ಕನ್ನಡಕ ದೊರೆತು ಮಹದುಪಕಾರವಾಯಿತು, ನಿಜ. ಆದರೆ ಕನ್ನಡಕವು ಈ ಉರಿಯನ್ನು ಕಳೆಯಲಾರದು.

ಅವರು ಮಾಡಿದ್ದ ದೊಡ್ಡ ತಪ್ಪನ್ನೂ ಬರೆಯಲೇಬೇಕು. ಇದಕ್ಕೆ ಅವರ ಒಪ್ಪಿಗೆಯುಂಟು. ಔಷಧಿಯಂಗಡಿಯಲ್ಲಿ ಕೇಳಿ ತಂದ ಸ್ಟೀರಾಯ್ಡ್ ಹನಿಯನ್ನು ಆರು ತಿಂಗಳು ಹಾಕಿಕೊಂಡಿದ್ದರು. ಹಾಕಿದೊಡನೆ ಕೆಂಪಿಳಿದು ಹಾಯೆನಿಸುತ್ತಿತ್ತು. ಆದರೆ ವೈದ್ಯರ ನಿಗಾ ಇಲ್ಲದೆ ಬಹುಕಾಲ ಬಳಸಿದರೆ ಅದು ಕಣ್ಣೊಳಗಿನ ಒತ್ತಡವನ್ನು ಏರಿಸಬಲ್ಲದು, ಪೊರೆಯನ್ನೂ ತರಬಲ್ಲದು. ಒತ್ತಡದಿಂದ ದೃಷ್ಟಿನರವು ಸತ್ತರೆ ಆ ನೋಟವು ಮರಳಿ ಬಾರದು. ಅವರ ಒಂದು ಕಣ್ಣಿನ ಅಂಚಿನ ನೋಟ ಹೀಗೆಯೇ ಕುಗ್ಗಿದೆ.

ಈಗ ವೈದ್ಯರು ಬರೆದುಕೊಟ್ಟ, ಕಣ್ಣೀರನ್ನು ಹೋಲುವ ಹನಿಯೊಂದೇ ಅವರ ಔಷಧಿ. ಅದರ ಜೊತೆಗೆ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಶುದ್ಧ ಬಟ್ಟೆಯ ಹಿತವಾದ ಶಾಖ. ಕಟ್ಟಿಕೊಂಡ ಎಣ್ಣೆ ಅದರಿಂದ ಕರಗುತ್ತದೆ. ರಾತ್ರಿ ಊಟವಾದ ಮೇಲೆ ಬಟ್ಟೆಯನ್ನು ಅದ್ದಿಕೊಡುವವಳು ನಮ್ಮ ವಿದ್ಯಾರ್ಥಿನಿಯೇ. ತಾಯಿ ಕಣ್ಮುಚ್ಚಿ ಕುಳಿತಿರುವ ಆ ಹತ್ತು ನಿಮಿಷ ಅವಳು ತನ್ನ ಪಾಠವನ್ನು ಗಟ್ಟಿಯಾಗಿ ಓದುತ್ತಾಳಂತೆ.