ಶಾಲೆಯ ಸಮಾಚಾರ ಮೊದಲು ಮನೆಗೆ ಮುಟ್ಟಲಿ

ದಾವಣಗೆರೆಯ ಅಥವಾ ಹರಿಹರದ ಯಾವುದಾದರೊಂದು ಸರಕಾರಿ ಪ್ರಾಥಮಿಕ ಶಾಲೆಯಲ್ಲಿ ಮುಖ್ಯೋಪಾಧ್ಯಾಯರ ಮೇಜಿನ ಬಳಿ ಒಂದು ದಿನ ಕುಳಿತು ನೋಡಿದವರಿಗೆ, ಅಲ್ಲಿಂದ ಹೊರಗೆ ಹೋಗುವ ವರದಿಗಳ ಸಂಖ್ಯೆಯು ಆಶ್ಚರ್ಯವನ್ನು ಉಂಟುಮಾಡದೆ ಇರದು. ಎಷ್ಟು ಮಕ್ಕಳು ಬಂದರು, ಎಷ್ಟು ಮಂದಿ ಬಿಸಿಯೂಟ ಉಂಡರು, ಅಕ್ಕಿ ಬೇಳೆ ಎಷ್ಟು ವೆಚ್ಚವಾಯಿತು, ಹಾಲಿನ ಪುಡಿ ಎಷ್ಟು ಉಳಿಯಿತು, ಸಮವಸ್ತ್ರ ಎಷ್ಟು ಹಂಚಲಾಯಿತು—ಇವೆಲ್ಲವೂ ಕ್ಲಸ್ಟರಿಗೆ, ಅಲ್ಲಿಂದ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ, ಅಲ್ಲಿಂದ ಬೆಂಗಳೂರಿಗೆ ಮುಟ್ಟುತ್ತವೆ. ಪ್ರತಿಯೊಂದು ಮಗುವಿಗೂ ಒಂದು ಸಂಖ್ಯೆಯುಂಟು. ಆ ಸಂಖ್ಯೆಯ ಕೆಳಗೆ ಅದರ ಹಾಜರಿ, ಅದರ ಶ್ರೇಣಿ ಎಲ್ಲವೂ ಗಣಕಯಂತ್ರದಲ್ಲಿ ದಾಖಲಾಗುತ್ತವೆ. ಆದರೆ ಶಾಲೆಯ ಗೋಡೆಯಿಂದ ನೂರು ಮಾರು ದೂರದ ಮನೆಯಲ್ಲಿರುವ ತಾಯಿಗೆ, ತನ್ನ ಮಗಳಿಗೆ ಭಾಗಾಕಾರ ಬರುತ್ತದೆಯೋ ಇಲ್ಲವೋ ಎಂಬುದು ಗೊತ್ತಿರುವುದಿಲ್ಲ. ನೂರಾರು ಮೈಲಿ ದೂರದ ಕಚೇರಿಗೆ ತಿಳಿದ ಸಂಗತಿಯು ಹೆತ್ತವಳಿಗೆ ತಿಳಿಯದೆ ಹೋಗುವುದಾದರೆ, ನಮ್ಮ ವ್ಯವಸ್ಥೆಯಲ್ಲಿ ಎಲ್ಲಿಯೋ ಒಂದು ತಿರುವು ತಪ್ಪಿದೆಯೆಂದೇ ಹೇಳಬೇಕು.

ಈ ಮಾತನ್ನು ನಾವು ಉಪಾಧ್ಯಾಯರನ್ನು ದೂಷಿಸುವುದಕ್ಕಾಗಿ ಆಡುತ್ತಿಲ್ಲ. ಅವರಲ್ಲಿ ಅನೇಕರು ತಮ್ಮ ಶಕ್ತಿಗೆ ಮೀರಿ ದುಡಿಯುತ್ತಿರುವುದನ್ನು ನಾವು ಬಲ್ಲೆವು. ವರದಿ ಕೇಳುವವರು ಮೇಲೆ ಹಲವರಿದ್ದಾರೆ, ಕೆಳಗೆ ಒಬ್ಬರೂ ಇಲ್ಲ. ಕೇಳಿದವರಿಗೆ ಉತ್ತರ ಹೋಗುತ್ತದೆ, ಕೇಳಲಾರದವರಿಗೆ ಹೋಗುವುದಿಲ್ಲ. ದೋಷವಿರುವುದು ಇಲ್ಲಿ.

ಸಾರ್ವಜನಿಕ ಪ್ರಾಥಮಿಕ ಶಾಲೆಯು ನಮ್ಮ ದೇಶಕ್ಕೆ ಸುಲಭವಾಗಿ ದೊರೆತ ವಸ್ತುವಲ್ಲ. ಗೋಪಾಲಕೃಷ್ಣ ಗೋಖಲೆಯವರು 1911ರಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಮಸೂದೆಯನ್ನು ವೈಸರಾಯರ ಶಾಸನಸಭೆಯ ಮುಂದಿಟ್ಟರು. ಮರುವರ್ಷವೇ ಆಳರಸರ ಸರಕಾರವು ಅದನ್ನು ತಳ್ಳಿಹಾಕಿತು. ಬ್ರಿಟಿಷ್ ಇಂಡಿಯಾ ಒಲ್ಲೆನೆಂದ ಆ ಕಾರ್ಯಕ್ಕೆ ನಮ್ಮ ಮೈಸೂರು ಸಂಸ್ಥಾನವು 1913ರಲ್ಲಿಯೇ ಕೈಹಾಕಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ ಪ್ರಾಥಮಿಕ ಶಿಕ್ಷಣದ ಕಾಯಿದೆಯನ್ನು ಹೊರಡಿಸಿತು. ಸ್ವಾತಂತ್ರ್ಯವು ಬಂದ ಮೇಲೆಯೂ ದಶಕಗಳು ಕಳೆದು, 2002ರಲ್ಲಿ ಸಂವಿಧಾನದ 86ನೆಯ ತಿದ್ದುಪಡಿಯಿಂದ ಶಿಕ್ಷಣವು ಮಕ್ಕಳ ಮೂಲಭೂತ ಹಕ್ಕೆಂದು ಅಂಗೀಕೃತವಾಯಿತು. 2009ರಲ್ಲಿ ಅದಕ್ಕೆ ತಕ್ಕ ಕಾಯಿದೆಯಾಗಿ, 2010ರ ಏಪ್ರಿಲ್ 1ರಿಂದ ಆಚರಣೆಗೆ ಬಂದಿತು. ನೂರು ವರ್ಷಗಳ ಪ್ರಯತ್ನದಿಂದ ಶಾಲೆಯು ಪ್ರಜೆಗಳದಾಯಿತು. ತಮ್ಮದಾದ ಶಾಲೆಯೊಳಗೆ ನಡೆಯುವುದೇನೆಂಬುದನ್ನು ಪ್ರಜೆಗಳು ಬಲ್ಲರೆ? ಇದೇ ಈಗಿನ ಪ್ರಶ್ನೆ.

ಆ ಕಾಯಿದೆಯ 24ನೆಯ ಕಲಮನ್ನು ನಮ್ಮ ವಾಚಕರು ಒಮ್ಮೆ ಗಮನಿಸಬೇಕು. ಉಪಾಧ್ಯಾಯರು ಕಾಲಕ್ಕೆ ಸರಿಯಾಗಿ ಬರತಕ್ಕದ್ದು, ಪಾಠಗಳನ್ನು ಅವಧಿಯೊಳಗೆ ಮುಗಿಸತಕ್ಕದ್ದು ಎಂಬ ವಿಧಿಗಳ ಸಾಲಿನಲ್ಲಿಯೇ ಇನ್ನೊಂದು ವಿಧಿಯನ್ನೂ ಅದು ಇಟ್ಟಿದೆ. ಉಪಾಧ್ಯಾಯರು ತಾಯ್ತಂದೆಗಳ ಹಾಗೂ ಪೋಷಕರ ಸಭೆಗಳನ್ನು ಕ್ರಮವಾಗಿ ಕರೆದು, ಮಗುವಿನ ಹಾಜರಿ, ಅದರ ಕಲಿಯುವ ಸಾಮರ್ಥ್ಯ, ಕಲಿಕೆಯಲ್ಲಿ ಆಗಿರುವ ಪ್ರಗತಿ, ಅದಕ್ಕೆ ಸಂಬಂಧಿಸಿದ ಇತರ ಸಂಗತಿಗಳು—ಇವನ್ನು ಅವರಿಗೆ ತಿಳಿಸತಕ್ಕದ್ದು ಎಂದು ಅದು ಸ್ಪಷ್ಟವಾಗಿ ಹೇಳುತ್ತದೆ. ಎಂದ ಮೇಲೆ, ಮನೆಗೆ ಸಮಾಚಾರ ಮುಟ್ಟಿಸುವುದು ಉಪಾಧ್ಯಾಯರ ಔದಾರ್ಯಕ್ಕೆ ಬಿಟ್ಟ ವಿಷಯವಲ್ಲ. ಪಾಠ ಹೇಳುವುದರಷ್ಟೇ ಮುಖ್ಯವಾದ ಕರ್ತವ್ಯ.

ಈಗ ನಮ್ಮ ಎರಡು ಊರುಗಳ ಸ್ಥಿತಿಯನ್ನು ನೋಡೋಣ. ಹತ್ತಿಯ ಗಿರಣಿಗಳಿಂದ ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಹೆಸರಾಗಿದ್ದ ದಾವಣಗೆರೆಯಲ್ಲಿ ಆ ಗಿರಣಿಗಳ ಸಿಳ್ಳು ನಿಂತು ಬಹುಕಾಲವಾಯಿತು. ಹರಿಹರದಲ್ಲಿ 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಯಂತ್ರೋಪಕರಣಗಳ ಕಾರ್ಖಾನೆಯೂ ಮುಚ್ಚಿಹೋಯಿತು. ಗಿರಣಿಯ ಕೆಲಸಗಾರನಿಗೆ ಪಾಳಿಯೆಂಬುದೊಂದಿತ್ತು, ವಾರದ ರಜೆಯೆಂಬುದೊಂದಿತ್ತು. ಇಂದು ಸರಕಾರಿ ಶಾಲೆಗೆ ಮಕ್ಕಳನ್ನು ಕಳುಹಿಸುವ ಅನೇಕ ಸಂಸಾರಗಳಿಗೆ ಅದೂ ಇಲ್ಲ. ಮಂಡಕ್ಕಿ ಭಟ್ಟಿಯಲ್ಲಿ ಕಾದ ಮರಳಿನ ಮುಂದೆ ನಿಲ್ಲುವವರು, ಮಾರುಕಟ್ಟೆಯ ಪ್ರಾಂಗಣದಲ್ಲಿ ಮೆಕ್ಕೆಜೋಳದ ಚೀಲ ಹೊರುವ ಹಮಾಲರು, ಕಟ್ಟಡದ ಕೂಲಿಗಳು, ನಾಲ್ಕು ಮನೆಗಳ ಮುಸುರೆ ತಿಕ್ಕುವ ಹೆಂಗಸರು, ಭದ್ರಾ ನಾಲೆಯ ಕೆಳಗಿನ ಗದ್ದೆಗಳಿಗೆ ನಾಟಿಗೆ ಹೋಗುವವರು—ಇವರೆಲ್ಲರೂ ದುಡಿದ ದಿನ ಉಣ್ಣುವ ಜನ.

ಇಂಥವರ ಮನೆಗೆ ಶಾಲೆಯಿಂದ ಒಂದು ಚೀಟಿ ಬರುತ್ತದೆ: “ಬೆಳಿಗ್ಗೆ 11 ಗಂಟೆಗೆ ಪೋಷಕರ ಸಭೆ, ತಪ್ಪದೆ ಹಾಜರಾಗತಕ್ಕದ್ದು.” ಹನ್ನೊಂದು ಗಂಟೆಗೆ ಶಾಲೆಗೆ ಬಂದವಳ ಅಂದಿನ ಕೂಲಿ ಹೋಯಿತು. ಬಾರದಿದ್ದರೆ, “ಇವರಿಗೆ ಮಕ್ಕಳ ಮೇಲೆ ಲಕ್ಷ್ಯವಿಲ್ಲ” ಎಂಬ ಮಾತು ಬಂದಿತು. ಆ ಚೀಟಿಯನ್ನಾದರೂ ಓದುವವರಾರು? 2011ರ ಜನಗಣತಿಯ ಪ್ರಕಾರ ಕರ್ನಾಟಕದ ಸ್ತ್ರೀಯರಲ್ಲಿ ಅಕ್ಷರಸ್ಥರು ಪ್ರತಿಶತ 68 ಮಾತ್ರ. ಎಂದರೆ ಮೂವರಲ್ಲಿ ಒಬ್ಬಳಿಗೆ ಓದು ಬಾರದು. ಕೂಲಿಯವರ ಕೇರಿಗಳಲ್ಲಿ ಈ ಕೊರತೆಯು ಇನ್ನೂ ಹೆಚ್ಚೆಂಬುದನ್ನು ಹೇಳಬೇಕಾಗಿಲ್ಲ. ಮನೆಯಲ್ಲಿ ಉರ್ದುವನ್ನೋ ಲಂಬಾಣಿಯನ್ನೋ ಆಡುವ ಸಂಸಾರಗಳೂ ಈ ಊರುಗಳಲ್ಲಿ ಬಹಳ. ಕನ್ನಡದ ಅಭಿಮಾನಿಗಳಾದ ನಾವು ಇದನ್ನು ಬಿಚ್ಚಿ ಹೇಳಬೇಕು: ಗ್ರಾಂಥಿಕ ಕನ್ನಡದ ಸುತ್ತೋಲೆಯೊಂದು ಇಂಥ ತಾಯಿಗೆ ಅರ್ಥವಾಗದೆ ಹೋದರೆ, ಕನ್ನಡಕ್ಕೆ ಅದರಿಂದ ಯಾವ ಗೌರವವೂ ಬರಲಿಲ್ಲ.

ಮೊದಲು ನಮ್ಮಲ್ಲಿ ಹೀಗಿರಲಿಲ್ಲವೆಂಬುದನ್ನು ಹಿರಿಯರ ಬಾಯಿಂದ ಕೇಳಿದವರು ಇನ್ನೂ ಇದ್ದಾರೆ. ಕೂಲಿಮಠಗಳ ಕಾಲದಲ್ಲಿ ಐಗಳಿಗೆ ಊರಿನ ಪ್ರತಿಯೊಂದು ಮನೆಯೂ ಪರಿಚಿತವಾಗಿತ್ತು. ಮಠಕ್ಕೆ ಬಾರದ ಹುಡುಗನನ್ನು ಮನೆಯಿಂದಲೇ ಹಿಡಿದು ತರಿಸುತ್ತಿದ್ದರು. ಮಹಾನವಮಿ ಬಂದಿತೆಂದರೆ ಹುಡುಗರನ್ನು ಮುಂದಿಟ್ಟುಕೊಂಡು ಐಗಳು ಮನೆಮನೆಗೂ ಹೋಗಿ ಚೌಪದ ಹೇಳಿಸುತ್ತಿದ್ದರು. ತನ್ನ ಮಗನ ನಾಲಿಗೆ ಎಷ್ಟು ತಿರುಗಿದೆ, ನೆನಪು ಎಷ್ಟು ಗಟ್ಟಿಯಾಗಿದೆ ಎಂಬುದನ್ನು ಅಕ್ಷರವರಿಯದ ತಾಯಿಯೂ ತನ್ನ ಅಂಗಳದಲ್ಲಿಯೇ ನಿಂತು ಕೇಳಿ ತಿಳಿಯುತ್ತಿದ್ದಳು. ಐಗಳಿಗೆ ಕಾಣಿಕೆ ಸಲ್ಲುತ್ತಿತ್ತು. ಆ ಮಠಗಳ ಬೆತ್ತವೂ ಕೋದಂಡವೂ ನಮಗೆ ಬೇಡ. ಎಲ್ಲ ಜಾತಿಯ ಮಕ್ಕಳಿಗೂ ಅವುಗಳ ಬಾಗಿಲು ತೆರೆದಿರಲಿಲ್ಲವೆಂಬುದನ್ನೂ ನಾವು ಮರೆತಿಲ್ಲ. ಆದರೆ ವರ್ಷಕ್ಕೊಮ್ಮೆಯಾದರೂ ಶಾಲೆಯೇ ಮನೆಯ ಬಾಗಿಲಿಗೆ ಹೋಗುತ್ತಿದ್ದ ಆ ಪದ್ಧತಿಯಲ್ಲಿ ನಾವು ಕಲಿಯಬೇಕಾದ ವಿವೇಕವಿದೆ.

ನಮ್ಮ ಕಾಲದಲ್ಲಿಯೂ ಅದು ಒಮ್ಮೆ ಸಾಧ್ಯವಾಯಿತು. 2020ರ ಮಾರ್ಚಿನಲ್ಲಿ ಕೊರೋನಾ ವ್ಯಾಧಿಯಿಂದಾಗಿ ಶಾಲೆಗಳು ಮುಚ್ಚಿದಾಗ, ಅದೇ ಆಗಸ್ಟಿನಲ್ಲಿ ‘ವಿದ್ಯಾಗಮ’ ಎಂಬ ಯೋಜನೆಯು ಹೊರಟಿತು. ಉಪಾಧ್ಯಾಯರು ಕೇರಿಗಳಿಗೆ ಬಂದು, ಗುಡಿಯ ಕಟ್ಟೆಯ ಮೇಲೆ, ಮರದ ನೆರಳಿನಲ್ಲಿ, ಓಣಿಯ ಪಡಸಾಲೆಗಳಲ್ಲಿ ಮಕ್ಕಳ ಚಿಕ್ಕ ಗುಂಪುಗಳನ್ನು ಕೂಡಿಸಿಕೊಂಡು ಪಾಠ ಹೇಳಿದರು. ಇದನ್ನು ವಠಾರ ಶಾಲೆಯೆಂದು ಕರೆದರು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಆದರೆ ಆ ಕೆಲವೇ ವಾರಗಳಲ್ಲಿ ಪಾಠವು ತಾಯ್ತಂದೆಗಳ ಕಣ್ಣೆದುರಿನಲ್ಲಿಯೇ ನಡೆಯಿತು. ಮಗು ಯಾವ ಇಕ್ಕಟ್ಟಿನಲ್ಲಿ ಕುಳಿತು ಓದುತ್ತದೆಂಬುದನ್ನು ಉಪಾಧ್ಯಾಯರು ಕಂಡರು, ಮಗುವಿಗೆ ಕಲಿಸುವುದು ಎಷ್ಟು ಶ್ರಮದ ಕೆಲಸವೆಂಬುದನ್ನು ಮನೆಯವರು ಕಂಡರು. ಶಾಲೆಗಳು ತೆರೆದ ಮೇಲೆ ಆ ಪರಸ್ಪರ ಪರಿಚಯವನ್ನು ಉಳಿಸಿಕೊಳ್ಳುವ ಪ್ರಯತ್ನವು ಸಾಕಷ್ಟು ನಡೆಯಲಿಲ್ಲವೆಂಬುದು ವಿಷಾದದ ಸಂಗತಿ.

ಮನೆಗೆ ತಿಳಿವಳಿಕೆ ಕೊಡದಿದ್ದರೆ ಒಳ್ಳೆಯ ಕೆಲಸವೂ ಕೆಟ್ಟದ್ದಾಗಿ ಕಾಣುತ್ತದೆ. ನಲಿ-ಕಲಿ ಪದ್ಧತಿಯೇ ಇದಕ್ಕೆ ನಿದರ್ಶನ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಉಪಾಧ್ಯಾಯರು ತಮ್ಮ ಅನುಭವದಿಂದ ರೂಪಿಸತೊಡಗಿದ ಈ ಪದ್ಧತಿಯು ಮುಂದೆ ರಾಜ್ಯದ ಕನ್ನಡ ಸರಕಾರಿ ಶಾಲೆಗಳಿಗೆಲ್ಲ ಹಬ್ಬಿತು. ಇದರಲ್ಲಿ ಮಕ್ಕಳು ಬೆಂಚಿನ ಸಾಲಿನಲ್ಲಿ ಕುಳಿತು ಒಕ್ಕೊರಲಿನಿಂದ ಪಾಠ ಒಪ್ಪಿಸುವುದಿಲ್ಲ. ‘ತಟ್ಟೆ’ಗಳೆಂಬ ಗುಂಪುಗಳಲ್ಲಿ ಕುಳಿತು, ಕಾರ್ಡುಗಳನ್ನು ಹಿಡಿದು, ಕಲಿಕೆಯ ಏಣಿಯನ್ನು ತಮ್ಮ ತಮ್ಮ ವೇಗದಲ್ಲಿ ಏರುತ್ತಾರೆ. ಕಿಟಕಿಯಿಂದ ಇಣುಕಿದ ತಂದೆಗೆ ಕಾಣುವುದು ಆಟ. “ಇಲ್ಲಿ ಓದೇ ಇಲ್ಲ” ಎಂದುಕೊಂಡು, ಸಾಲ ಮಾಡಿಯಾದರೂ ಮಗುವನ್ನು ಇಂಗ್ಲೀಷು ಶಾಲೆಗೆ ಸೇರಿಸುತ್ತಾನೆ. ವಿಚಿತ್ರವೇನೆಂದರೆ, ಪ್ರತಿಯೊಂದು ಮಗುವೂ ಎಷ್ಟು ಮೈಲಿಗಲ್ಲುಗಳನ್ನು ದಾಟಿದೆಯೆಂಬುದನ್ನು ತೋರಿಸುವ ‘ಪ್ರಗತಿ ನೋಟ’ವೆಂಬ ಪಟವನ್ನು ಈ ಪದ್ಧತಿಯೇ ಒದಗಿಸಿದೆ. ಓದು ಬಾರದವಳೂ ಅದರ ಮುಂದೆ ನಿಂತು, “ಅವ್ವಾ, ನಿನ್ನ ಮಗಳು ಇಲ್ಲಿಗೆ ಬಂದಿದ್ದಾಳೆ, ಇನ್ನು ಇಷ್ಟು ಉಳಿದಿದೆ” ಎಂದು ಬೆರಳಿಟ್ಟು ತೋರಿಸಿದರೆ ತಿಳಿಯಬಲ್ಲಳು. ತೋರಿಸುವವರು ಬೇಕು, ಅಷ್ಟೆ. ತೋರಿಸದೆ ಮಕ್ಕಳು ಬಿಟ್ಟುಹೋದ ಮೇಲೆ, ಸಂಖ್ಯೆ ಸಾಲದೆಂದು ಶಾಲೆಯನ್ನು ಇನ್ನೊಂದರೊಡನೆ ಸೇರಿಸುವ ಮಾತು ಬಂದಾಗ ಮರುಗಿ ಫಲವೇನು?

ಏರ್ಪಾಡುಗಳು ಇಲ್ಲವೆಂದಲ್ಲ. 2001ರಲ್ಲಿ ಕರ್ನಾಟಕ ಸರಕಾರವು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳನ್ನು ನಿರ್ಮಿಸಿತು. ಇಂಥ ಸಮಿತಿಗಳಲ್ಲಿ ಮುಕ್ಕಾಲು ಪಾಲು ತಾಯ್ತಂದೆಗಳೂ ಪೋಷಕರೂ, ಅರ್ಧದಷ್ಟು ಸ್ತ್ರೀಯರೂ ಇರತಕ್ಕದ್ದೆಂದು 2009ರ ಕಾಯಿದೆಯು ವಿಧಿಸಿತು. ಶಾಲೆಗೆ ಬಂದ ಹಣದ ವಿನಿಯೋಗವನ್ನು ನೋಡುವ ಅಧಿಕಾರವೂ ಅವುಗಳಿಗೆ ಉಂಟು. ಮಕ್ಕಳ ಕಲಿಕೆಯನ್ನು ಊರವರ ಮುಂದಿಡುವ ‘ಸಮುದಾಯದತ್ತ ಶಾಲೆ’ ಎಂಬ ಕಾರ್ಯಕ್ರಮವೂ ಉಂಟು. ಆದರೆ ಆಗಲೇ ಬರೆದಿಟ್ಟ ನಡಾವಳಿಗೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದಕ್ಕೆ ಮಾತ್ರ ತಾಯಂದಿರನ್ನು ಕರೆದರೆ, ಅದು ಸಮಿತಿಯಲ್ಲ, ಸಮಿತಿಯ ನೆರಳು. ಭಾಷಣ ಹಾರಗಳಲ್ಲಿ ಮುಗಿದುಹೋದ ಸಮುದಾಯದ ದಿನವೂ ಅಂಥದೇ.

ಉಪಾಧ್ಯಾಯರ ಪಕ್ಷದಿಂದ ಒಂದು ಆಕ್ಷೇಪಣೆ ಬರಬಹುದು: “ಇರುವ ಕೆಲಸವೇ ಮುಗಿಯದು, ಮನೆಮನೆ ಸುತ್ತುವುದು ಯಾವಾಗ?” ಇದು ನ್ಯಾಯವಾದ ಮಾತು. ಆದ್ದರಿಂದ ಮೇಲಿನ ವರದಿಗಳನ್ನು ಕಡಿಮೆ ಮಾಡಿ, ಆ ಬಿಡುವನ್ನು ಮನೆಯವರಿಗೆ ಕೊಡಿಸುವ ಹೊಣೆಯು ಶಿಕ್ಷಣ ಇಲಾಖೆಯದು. ಜನಗಣತಿ, ಚುನಾವಣೆ, ವಿಪತ್ತಿನ ಪರಿಹಾರ—ಇವುಗಳ ಹೊರತು ಶಿಕ್ಷಣಕ್ಕೆ ಸಂಬಂಧಪಡದ ಇತರ ಕೆಲಸಗಳಿಗೆ ಉಪಾಧ್ಯಾಯರನ್ನು ಹಚ್ಚಬಾರದೆಂದು ಅದೇ ಕಾಯಿದೆಯ 27ನೆಯ ಕಲಮು ಹೇಳುತ್ತದೆ. ಅದನ್ನು ಅಕ್ಷರಶಃ ಪಾಲಿಸಿದರೂ ಎಷ್ಟೋ ವೇಳೆ ಉಳಿದೀತು.

ಈಗಿನ ಕಾಲದಲ್ಲಿ ಕೈಫೋನಿನ ಮೂಲಕ ಎಲ್ಲರಿಗೂ ಸುದ್ದಿ ಕಳುಹಿಸಿಬಿಟ್ಟರಾಯಿತೆಂದು ಕೆಲವರು ಹೇಳುವರು. ಫೋನು ತಂದೆಯ ಜೇಬಿನಲ್ಲಿ ಭಟ್ಟಿಗೋ ಗೋದಾಮಿಗೋ ಹೋಗಿರುತ್ತದೆ. ಅದರಲ್ಲಿ ಬರುವುದೂ ಬಹುಮಟ್ಟಿಗೆ ಅದೇ ಸುತ್ತೋಲೆಯ ಚಿತ್ರ. ಉಪಾಧ್ಯಾಯರು ತಮ್ಮ ದನಿಯಲ್ಲಿ ಎರಡು ಮಾತು ಆಡಿ ಕಳುಹಿಸಿದರೆ ಪ್ರಯೋಜನವುಂಟು, ನಾವು ಅಲ್ಲಗಳೆಯೆವು. ಆದರೆ ನೂರು ಜನರ ಗುಂಪಿನಲ್ಲಿ ಒಂದು ಮಗುವಿನ ಹಿಂದುಳಿದಿರುವಿಕೆಯನ್ನು ಸಾರುವುದು ಸಮಾಚಾರವಲ್ಲ, ಅವಮಾನ.

ನಮ್ಮ ಸೂಚನೆಗಳು ಸರಳವಾಗಿವೆ. ಪೋಷಕರ ಸಭೆಯು ಸಂಜೆಯಲ್ಲಿಯೋ ಆ ಕೇರಿಯವರಿಗೆ ಬಿಡುವಿರುವ ದಿನದಲ್ಲಿಯೋ ಕೂಡಲಿ. ಆಗಾಗ್ಗೆ ಶಾಲೆಯನ್ನು ಬಿಟ್ಟು ಕೇರಿಯಲ್ಲಿಯೇ ಕೂಡಲಿ. ಪ್ರತಿಯೊಬ್ಬ ತಾಯಿಗೂ ಅವಳ ಮಗುವಿನ ವಿಷಯವನ್ನು ಪ್ರತ್ಯೇಕವಾಗಿ, ಅವಳಿಗೆ ತಿಳಿಯುವ ಮಾತಿನಲ್ಲಿ, ಮಗುವಿನ ಬರಹದ ಪುಸ್ತಕವನ್ನು ತೋರಿಸಿ ಹೇಳಲಿ. ಮೊದಲು ಬರುವುದನ್ನು ಹೇಳಿ, ಅನಂತರ ಬಾರದ್ದನ್ನು ಹೇಳಲಿ. ಮಗು ಮೂರು ದಿನ ಬಾರದಿದ್ದರೆ ಮೇಲಿನ ಕಚೇರಿಗೆ ಬರೆಯುವ ಮುನ್ನ ಮನೆಗೆ ಒಬ್ಬರು ಹೋಗಿ ವಿಚಾರಿಸಲಿ. ಬಂದ ಹಣ, ಆದ ವೆಚ್ಚ, ಅಂದಿನ ಅಡಿಗೆ, ಸಿಗಬಹುದಾದ ವಿದ್ಯಾರ್ಥಿವೇತನ—ಇವನ್ನು ಬಾಗಿಲ ಬಳಿಯ ಹಲಗೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆಯಲಿ. ಮಕ್ಕಳೇ ಅದನ್ನು ಮನೆಯಲ್ಲಿ ಓದಿಹೇಳುವ ಅಭ್ಯಾಸ ಮಾಡಿಸಲಿ. ಕಡೆಯದಾಗಿ, ಹೇಳಿ ಮುಗಿಸಿದ ಮೇಲೆ ಕೇಳುವುದನ್ನೂ ಕಲಿಯಲಿ. ಹುಡುಗಿ ತಮ್ಮನನ್ನು ನೋಡಿಕೊಳ್ಳುವುದಕ್ಕಾಗಿ ಮನೆಯಲ್ಲಿ ಉಳಿದಳೆಂಬುದು, ಶೌಚಾಲಯದಲ್ಲಿ ನೀರಿಲ್ಲವೆಂದು ಮಧ್ಯಾಹ್ನವೇ ಮನೆಗೆ ಬಂದಳೆಂಬುದು ತಾಯಿಯ ಬಾಯಿಂದ ತಿಳಿಯಬೇಕೇ ಹೊರತು ಯಾವ ಗಣಕಯಂತ್ರದಿಂದಲೂ ತಿಳಿಯದು.

ತಾಯ್ತಂದೆಗಳಿಗೂ ನಮ್ಮದೊಂದು ಮಾತಿದೆ. ಶಾಲೆಯು ಸರಕಾರದ ದಾನವಲ್ಲ. ನೀವು ಕೊಳ್ಳುವ ಬೆಂಕಿಪೊಟ್ಟಣದಿಂದ ಹಿಡಿದು ಎಲ್ಲದರ ಮೇಲಣ ತೆರಿಗೆಯಿಂದ ಅದು ನಡೆಯುತ್ತದೆ. ಆದುದರಿಂದ ಬಾಗಿಲಲ್ಲಿ ಕೈಕಟ್ಟಿ ನಿಲ್ಲದೆ ಒಳಗೆ ಬಂದು, “ಮೇಷ್ಟ್ರೇ, ನನ್ನ ಮಗ ಏನು ಕಲಿತಾನೆ?” ಎಂದು ಕೇಳುವ ಹಕ್ಕು ನಿಮ್ಮದು. ಕೇಳುವವರು ಹೆಚ್ಚಿದಂತೆ ಹೇಳುವವರೂ ಹೆಚ್ಚುವರು.

1956ಕ್ಕೆ ಮೊದಲು ಹರಿಹರದ ಬಳಿ ತುಂಗಭದ್ರೆಯ ಈ ದಡವು ಮೈಸೂರು, ಆ ದಡವು ಮುಂಬಯಿ ಎಂಬ ಸ್ಥಿತಿಯಿತ್ತು. ಒಂದೇ ಮಾತನ್ನಾಡುವ ಜನರು ಹೊಳೆಯ ಎರಡು ಕಡೆಗಳಲ್ಲಿ ಎರಡು ಸರಕಾರಗಳ ಪ್ರಜೆಗಳಾಗಿದ್ದರು. ಹಿರಿಯರ ಹೋರಾಟದಿಂದ ಆ ಗಡಿಯು ಅಳಿದು ಕರ್ನಾಟಕವು ಒಂದಾಯಿತು. ಶಾಲೆಗೂ ಮನೆಗೂ ನಡುವೆ ಇರುವುದು ಹೊಳೆಯಲ್ಲ, ಒಂದು ಓಣಿ ಮಾತ್ರ. ಅದನ್ನು ದಾಟುವುದಕ್ಕೆ ಸೇತುವೆ ಬೇಕಾಗಿಲ್ಲ. ವಾರಕ್ಕೊಂದು ಸಂಜೆ ಸಾಕು. ಆ ಸಂಜೆಯನ್ನು ದಾವಣಗೆರೆ ಹರಿಹರಗಳ ಶಾಲೆಗಳು ಮೊದಲುಮಾಡಿ, ನಾಡಿನ ಉಳಿದ ಶಾಲೆಗಳಿಗೆ ದಾರಿ ತೋರಿಸಲೆಂದು ನಾವು ಹಾರೈಸುತ್ತೇವೆ.