ನಿಘಂಟಿನ ಪ್ರವೇಶದ್ವಾರ: ಸಾಂದರ್ಭಿಕ ಓದುಗ ಮತ್ತು 'ಇಗೋ ಕನ್ನಡ'

ಕನ್ನಡ ನಿಘಂಟುಗಳ ಮಹತ್ವವನ್ನು ಸಾಮಾನ್ಯವಾಗಿ ಪದಸಂಖ್ಯೆ, ಸಂಪುಟಗಳ ಗಾತ್ರ ಹಾಗೂ ಸಂಪಾದಕರ ಪರಿಶ್ರಮಗಳ ಮೂಲಕ ಗುರುತಿಸಲಾಗುತ್ತದೆ. ಅವುಗಳನ್ನು ಬಳಸುವವರು ಯಾರು ಎಂಬ ಪ್ರಶ್ನೆಗೆ ದೊರೆತಿರುವ ಗಮನ ಕಡಿಮೆ. ಬಳಕೆದಾರರಲ್ಲಿ ಸ್ಥೂಲವಾಗಿ ಎರಡು ವರ್ಗಗಳಿವೆ. ಅಧ್ಯಯನದ ಅಗತ್ಯಕ್ಕಾಗಿ ನಿಘಂಟನ್ನು ನಿತ್ಯ ಬಳಸುವ ವಿದ್ವಾಂಸರು ಒಂದು ವರ್ಗ; ಒಂದು ಪದದ ಸಂದೇಹ ಹೊತ್ತು ಎಂದಾದರೊಮ್ಮೆ ಬರುವ ಓದುಗರು ಇನ್ನೊಂದು ವರ್ಗ. ಈ ಎರಡನೆಯ ವರ್ಗದ 'ಸಾಂದರ್ಭಿಕ ಓದುಗ'ನಿಗಾಗಿ ನಿಘಂಟುವಿದ್ಯೆ ತನ್ನ ವಿನ್ಯಾಸವನ್ನು ಹೇಗೆ ಬದಲಿಸಿಕೊಳ್ಳಬಲ್ಲದು ಎಂಬುದನ್ನು ಜಿ. ವೆಂಕಟಸುಬ್ಬಯ್ಯ (1913-2021) ಅವರ 'ಇಗೋ ಕನ್ನಡ' ಅಂಕಣದ ಹಿನ್ನೆಲೆಯಲ್ಲಿ ಇಲ್ಲಿ ಪರಿಶೀಲಿಸಲಾಗಿದೆ.

ಮಂಗಳೂರಿನಲ್ಲಿ 1894ರಲ್ಲಿ ಪ್ರಕಟವಾದ ಕಿಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು, ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ಕನ್ನಡ ನಿಘಂಟು ಇವೆರಡೂ ಪ್ರಧಾನವಾಗಿ ಮೊದಲ ವರ್ಗದ ಓದುಗರನ್ನು ಲಕ್ಷಿಸಿದವು. ಪರಿಷತ್ತಿನ ನಿಘಂಟು ಚಾರಿತ್ರಿಕ ತತ್ತ್ವವನ್ನು ಅನುಸರಿಸಿ ಶಾಸನ, ಕಾವ್ಯಗಳ ಪ್ರಯೋಗಗಳನ್ನು ಆಧಾರವಾಗಿ ನೀಡುತ್ತದೆ. ಇಂತಹ ರಚನೆ ಓದುಗನಿಂದ ಪೂರ್ವಜ್ಞಾನವನ್ನು ನಿರೀಕ್ಷಿಸುತ್ತದೆ. 'ಹೋದನು' ಎಂಬ ರೂಪವನ್ನು ಹುಡುಕುವವನಿಗೆ 'ಹೋಗು' ಎಂಬ ಧಾತು ತಿಳಿದಿರಬೇಕು. ವರ್ಣಮಾಲೆಯ ಕೊನೆಯಲ್ಲಿ 'ಕ್ಷ'ವನ್ನು ಕಲಿತವನು ಅದನ್ನು ಕಕಾರದಲ್ಲಿ ಅರಸಬೇಕು. ವಿದ್ವಾಂಸರಿಗೆ ಸಹಜವಾದ ಈ ಕ್ರಮವೇ ಹೊಸಬರಿಗೆ ಅಡ್ಡಿಯಾಗುತ್ತದೆ. ಹಾಗೆ ಹಿಂತಿರುಗಿದ ಓದುಗ ಕನ್ನಡ ಪದದ ಬದಲು ಕೈಗೆ ಸಿಕ್ಕ ಬೇರೆ ಪದವನ್ನು ಬಳಸುತ್ತಾನೆ. ದಶಕಗಳ ಶ್ರಮದಿಂದ ಸಂಗ್ರಹಿಸಿದ ಪದಸಂಪತ್ತು ಕಪಾಟಿನಲ್ಲೇ ಉಳಿಯುತ್ತದೆ.

ಈ ಸಮಸ್ಯೆಗೆ ಸಂಕ್ಷೇಪ ಒಂದು ಪರಿಹಾರ. ಪರಿಷತ್ತಿನ 'ಸಂಕ್ಷಿಪ್ತ ಕನ್ನಡ ನಿಘಂಟು' ಈ ದಿಸೆಯಲ್ಲಿ ಉಪಯುಕ್ತ ಕಾರ್ಯ. ಆದರೆ ಸಂಕ್ಷೇಪವು ಗಾತ್ರವನ್ನು ತಗ್ಗಿಸುತ್ತದೆಯೇ ಹೊರತು ಪ್ರವೇಶದ ಕ್ರಮವನ್ನು ಬದಲಿಸುವುದಿಲ್ಲ.

'ಪ್ರಜಾವಾಣಿ'ಯಲ್ಲಿ 1991ರಲ್ಲಿ ಆರಂಭವಾದ 'ಇಗೋ ಕನ್ನಡ' ಪ್ರವೇಶದ ಕ್ರಮವನ್ನೇ ಬದಲಿಸಿತು. ಇಲ್ಲಿ ಅಕಾರಾದಿಯ ಸ್ಥಾನವನ್ನು ಓದುಗರ ಪ್ರಶ್ನೆ ಪಡೆಯಿತು. ಪ್ರಶ್ನೆ ಕೇಳಲು ಧಾತು, ಸಂಧಿ, ಅಕ್ಷರಕ್ರಮಗಳ ಜ್ಞಾನ ಬೇಕಿರಲಿಲ್ಲ. ನಿಘಂಟಿನ ಶಿಸ್ತನ್ನು ಓದುಗನ ಬದಲು ಉತ್ತರಿಸುವವರೇ ಹೊತ್ತರು. ಉದಾಹರಣೆಗೆ 'ಹಬ್ಬ' ಎಂಬ ಪದವನ್ನು ಗಮನಿಸಬಹುದು. ಅದು ಸಂಸ್ಕೃತದ 'ಪರ್ವ'ದ ತದ್ಭವ. 'ಪಬ್ಬ' ಎಂಬ ರೂಪದ ಆದಿಯ ಪಕಾರ ಹಕಾರವಾಗಿದೆ. ಸಂದೇಹ ನಿವಾರಣೆಗೆ ಇಷ್ಟು ಸಾಕು. ಪ್ರಯೋಗಗಳ ಪಟ್ಟಿ ಬೇಕಾದವರು ಬೃಹತ್ ನಿಘಂಟಿಗೆ ಹೋಗಬಹುದು. ಈ ಸರಳ ಉತ್ತರದ ಹಿಂದೆಯೂ ಪ್ರಯೋಗಗಳ ಸಂಗ್ರಹ, ಧ್ವನಿವ್ಯತ್ಯಾಸದ ಅಧ್ಯಯನಗಳಿವೆ ಎಂಬುದು ಮುಖ್ಯ. ಪರಿಷತ್ತಿನ ನಿಘಂಟಿನ ಪ್ರಧಾನ ಸಂಪಾದಕರಾಗಿ ದುಡಿದವರೇ ಈ ಅಂಕಣವನ್ನು ಬರೆದದ್ದು ಆಕಸ್ಮಿಕವಲ್ಲ. ಸರಳತೆ ಇಲ್ಲಿ ವಿದ್ವತ್ತಿನ ಕೊರತೆಯಲ್ಲ, ಅದರ ಫಲ.

ಈ ವಿನ್ಯಾಸಕ್ಕೆ ಮಿತಿಗಳೂ ಇವೆ. ಯಾರೂ ಕೇಳದ ಪದ ಚರ್ಚೆಗೆ ಬರುವುದಿಲ್ಲ. ಬಿಡಿ ಉತ್ತರಗಳಿಂದ ಭಾಷೆಯ ಸಮಗ್ರ ಚಿತ್ರ ಮೂಡುವುದಿಲ್ಲ. ಇದಕ್ಕಿಂತ ಗಂಭೀರವಾದ ಮಿತಿಯೆಂದರೆ, ವ್ಯವಸ್ಥೆ ಒಬ್ಬ ವಿದ್ವಾಂಸರ ವ್ಯಾಸಂಗವನ್ನು ಅವಲಂಬಿಸಿರುವುದು. ವಿ. ಕೃಷ್ಣ ಅವರ ಕನ್ನಡ-ಇಂಗ್ಲಿಷ್ ಕೋಶ 'ಅಲರ್' 2019ರಲ್ಲಿ ವಿದ್ಯುನ್ಮಾನ ರೂಪದಲ್ಲಿ ಎಲ್ಲರಿಗೂ ಮುಕ್ತವಾದದ್ದು ಸ್ವಾಗತಾರ್ಹ. ಇಂತಹ ಕೋಶಗಳಿಂದ ಅಕ್ಷರಕ್ರಮದ ತೊಡಕು ಬಹುಮಟ್ಟಿಗೆ ನೀಗಿದೆ. ಆದರೆ ಎರಡು ರೂಪಗಳಲ್ಲಿ ಯಾವುದು ಸಾಧು, ಯಾವ ಸಂದರ್ಭಕ್ಕೆ ಯಾವುದು ಉಚಿತ ಎಂಬ ವಿವೇಚನೆಯನ್ನು ಹುಡುಕಾಟದ ಸೌಲಭ್ಯವೊಂದೇ ನೀಡಲಾರದು.

ಹೀಗೆ ಸಾಂದರ್ಭಿಕ ಓದುಗನಿಗೆ ಬೇಕಾದುದು ಕಿರಿದಾದ ನಿಘಂಟಲ್ಲ. ಹಿರಿದಾದ ನಿಘಂಟಿಗೆ ಸುಲಭವಾದ ಪ್ರವೇಶದ್ವಾರ. ಓದುಗರ ಪ್ರಶ್ನೆಗಳನ್ನು ಸ್ವೀಕರಿಸಿ, ಆಧಾರಸಹಿತವಾಗಿ ಉತ್ತರಿಸಿ, ಆ ಉತ್ತರಗಳನ್ನು ಕ್ರಮವಾಗಿ ಕೋಶಕ್ಕೆ ಸೇರಿಸುವ ಕಾರ್ಯ ಒಬ್ಬ ವ್ಯಕ್ತಿಯ ಆಯುಷ್ಯಕ್ಕೆ ಸೀಮಿತವಾಗಬಾರದು. ಭಾಷಾಶಾಸ್ತ್ರ, ಶಾಸನ, ಹಳಗನ್ನಡಗಳ ಅಧ್ಯಾಪಕರು ಒಂದೆಡೆ ಇರುವ ಕನ್ನಡ ವಿಭಾಗಗಳು ಈ ಹೊಣೆಯನ್ನು ಸಾಂಸ್ಥಿಕವಾಗಿ ವಹಿಸಿಕೊಳ್ಳುವುದು ಅಗತ್ಯವಾಗಿದೆ.